ಆ ‘ಕೆ’ ಯಾರಿಗೆ ಸೇರಿದ್ದು

ರೋಣದಲ್ಲಿ ನಮ್ರತಾಳಿಗೆ ಸ್ಪ್ಯಾನಿಶ್ ಬಾಯಿ ಎಂದೇ ಹೆಸರು. ಹೈದರಾಬಾದಿನಲ್ಲಿ ಆ ಭಾಷೆ ಓದಿ, ರಘೂತ್ತಮನನ್ನು ಮದುವೆಯಾಗಿ ಇಲ್ಲಿಗೆ ಬಂದವಳು ಹನ್ನೊಂದು ವರ್ಷದಿಂದ ನಡುಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು ದೂರದೂರದ ಊರಿನವರಿಗೆ ಪಾಠ ಹೇಳುತ್ತಾಳೆ. ಸಂಬಂಧ ಸೂಚಿಸುವ ಸರ್ವನಾಮಗಳ ವಿಷಯದಲ್ಲಿ ಅವಳದು ಬಹಳ ಕಟ್ಟುನಿಟ್ಟು. ‘ಯಾರ’ ಎಂಬರ್ಥದ ‘ಕುಯೊ’ ಒಡೆಯನನ್ನಲ್ಲ, ಅವನಿಗೆ ಸೇರಿದ ವಸ್ತುವನ್ನು ನೋಡಿ ರೂಪ ಬದಲಿಸುತ್ತದೆ ಎಂದು ನೂರು ಸಲ ಹೇಳುತ್ತಾಳೆ.

ಹೋದ ಜನವರಿಯ ಒಂದು ಮುಂಜಾನೆ ಅದೇ ಓಣಿಯ ಮಾಸುಮಬಿ ಬರಿಗಾಲಲ್ಲೇ ಓಡಿಬಂದಳು. ಅವಳ ಮಗ ಆಫ್ತಾಬ, ಕೊಣ್ಣೂರಿನ ಕಳಕವ್ವನ ಮಗ ಪರಶಪ್ಪ ಇಬ್ಬರೂ ಸ್ಪೇನಿನ ಬಂದರೊಂದರಲ್ಲಿ ಮೀನಿನ ಗೋದಾಮಿನ ಕೆಲಸಕ್ಕಿದ್ದರು. ಕಳಕವ್ವನ ಹತ್ತಿರ ಸಾದಾ ಫೋನಷ್ಟೇ ಇದ್ದುದರಿಂದ ಇಬ್ಬರೂ ಮಾಸುಮಬಿಯ ನಂಬರನ್ನೇ ಕೊಟ್ಟಿದ್ದರು. ಅದಕ್ಕೆ ಗೋದಾಮಿನಿಂದ ಒಂದು ಸಂದೇಶ ಬಂದಿತ್ತು.

“ಫೋನಿನ್ಯಾಗ ಕನ್ನಡಾ ಮಾಡಿ ನೋಡಿದ್ವಿರಿ. ‘ನಿನ್ನೆ ನಿಧನರಾದ ಆಫ್ತಾಬ್ ಅವರ ಸಂಗಾತಿ ಆಸ್ಪತ್ರೆಯಲ್ಲಿದ್ದಾರೆ’ ಅಂತ ಬಂತು. ಹೋದಾಂವ ಯಾರ್ರಿ ಬಾಯಿ? ನನ್ನ ಮಗನೋ, ಪರಶಪ್ಪನೋ? ಇಬ್ಬರ ಫೋನೂ ಬಂದ್ ಅದಾವ.”

ನಮ್ರತಾ ಮೂಲವನ್ನು ಓದಿದಳು. ‘ಎಲ್ ಕೊಂಪಾನ್ಯೆರೊ ದೆ ಆಫ್ತಾಬ್, ಕೆ ಫಯೆಸಿಯೊ ಆಯೆರ್...’ ‘ನಿನ್ನೆ ತೀರಿಕೊಂಡ’ ಎಂಬ ಮಾತನ್ನು ಕೂಡಿಸುವ ಆ ‘ಕೆ’ ಸಂಗಾತಿಗೂ ಹೊಂದುತ್ತಿತ್ತು, ಅದರ ಮಗ್ಗುಲಲ್ಲೇ ಇದ್ದ ಆಫ್ತಾಬನಿಗೂ ಹೊಂದುತ್ತಿತ್ತು. ಒಬ್ಬರು ಗಂಡು, ಒಬ್ಬರು ಹೆಣ್ಣಾಗಿದ್ದರೆ ‘ಎಲ್ ಕುವಾಲ್’, ‘ಲಾ ಕುವಾಲ್’ ಎಂದು ಬಿಡಿಸಿ ಬರೆಯಬಹುದಿತ್ತು. ಇಬ್ಬರೂ ಗಂಡುಮಕ್ಕಳು. ಆಸ್ಪತ್ರೆಯಲ್ಲಿರುವುದು ಗಾಯಗೊಂಡವನೋ ಹೆಣವೋ, ಅದೂ ತಿಳಿಯಲಿಲ್ಲ.

“ಇದರ ಮ್ಯಾಲೆ ಹೇಳ್ಲಿಕ್ಕೆ ಬರೂದಿಲ್ಲ ಮಾಸುಮಬಿ.”

“ಇಷ್ಟ ಓದೀರಿ, ಅಷ್ಟೂ ಗೊತ್ತಾಗೂದಿಲ್ಲೇನ್ರಿ?”

ಗೋದಾಮಿಗೆ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಅಲ್ಲಿ ಇನ್ನೂ ಬೆಳಕು ಹರಿದಿರಲಿಲ್ಲ. ಕಚೇರಿ ತೆರೆಯುವಾಗ ಇಲ್ಲಿ ಮಧ್ಯಾಹ್ನ ಒಂದೂವರೆ. ಕಾಯುವುದೊಂದೇ ಉಳಿಯಿತು. ಮಾಸುಮಬಿ ಸೆರಗು ತಲೆಗೆಳೆದುಕೊಂಡು ಪ್ರಾರ್ಥನೆಗೆ ಕೈಯೆತ್ತಿದಳು, ಅರ್ಧಕ್ಕೇ ಇಳಿಸಿದಳು.

“ಏನಂತ ಬೇಡ್ಲಿರಿ? ನನ್ನ ಮಗ ಬ್ಯಾಡ ಅಂದ್ರ, ಕಳಕವ್ವನ ಮಗನ್ನ ತೊಗೊ ಅಂದಂಗ.”

ಒಂದೂವರೆಗೆ ಫೋನ್ ಹತ್ತಿತು. ನಮ್ರತಾ ಸುತ್ತುಬಳಸದೆ ಎರಡೇ ಪ್ರಶ್ನೆ ಕೇಳಿದಳು: ಆಫ್ತಾಬ ಬದುಕಿದ್ದಾನೆಯೇ? ಪರಶಪ್ಪ ಬದುಕಿದ್ದಾನೆಯೇ?

ಗೋದಾಮಿನ ಗಾಡಿ ಮಗುಚಿತ್ತು. ಆಫ್ತಾಬನ ಕಾಲು ಮುರಿದಿತ್ತು, ಜೀವಕ್ಕೆ ಅಪಾಯವಿರಲಿಲ್ಲ. ಪರಶಪ್ಪ ಉಳಿದಿರಲಿಲ್ಲ.

ಮಾಸುಮಬಿ ಗೋಡೆಗೊರಗಿ ಬಿಕ್ಕಿಬಿಕ್ಕಿ ಅತ್ತಳು. ಆಮೇಲೆ ಎದ್ದು ಮುಖ ತೊಳೆದುಕೊಂಡಳು. “ಫೋನಿನ್ಯಾಗ ಹೇಳೂದು ಬ್ಯಾಡ್ರಿ. ಹೋಗೂಣು ನಡೀರಿ.”

ನರಗುಂದದಲ್ಲಿ ಬಸ್ಸು ಬದಲಿಸಿ ಕೊಣ್ಣೂರು ಮುಟ್ಟಿದಾಗ ಕಳಕವ್ವ ಕಟ್ಟೆಯ ಮೇಲೆ ಕಡಲೆ ಹಸನು ಮಾಡುತ್ತಿದ್ದಳು. ಮಾಸುಮಬಿಯನ್ನು ಕಂಡು ಅವಳ ಮುಖ ಅರಳಿತು.

“ಬಾರವ್ವ! ನಿನ್ನ ಮಗಾ ಫೋನ್ ಮಾಡಿದ್ನೇನ? ನನ್ನಾಂವಂದು ಎರಡು ದಿನ ಆತು, ಸುದ್ದೀನ ಇಲ್ಲ.”

ಮಾಸುಮಬಿ ಅವಳ ಮಗ್ಗುಲಲ್ಲಿ ಕೂತು ಕಡಲೆಯ ಮೊರವನ್ನು ಮೆಲ್ಲಗೆ ಆಚೆ ಸರಿಸಿ, ಅವಳ ಎರಡೂ ಕೈ ಹಿಡಿದುಕೊಂಡಳು. ನಮ್ರತಾಳ ಕಡೆ ನೋಡಿದಳು. ನಮ್ರತಾ ಅಂಗಳದಲ್ಲೇ ನಿಂತಿದ್ದಳು.