ಉಪ್ಪುನೀರಿಗೆ ಹಿತ್ತಾಳೆ

ಹಿತ್ತಾಳೆ ಕಂಡರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ. ದೇವರ ಮುಂದಿನ ದೀಪ ಒಂದನ್ನು ಬಿಟ್ಟು ಮನೆಯಲ್ಲಿದ್ದ ಹಿತ್ತಾಳೆಯನ್ನೆಲ್ಲ ಅಟ್ಟಕ್ಕೆ ಹಾಕಿಸಿದ್ದೇನೆ. ಅದಕ್ಕೆ ಕಾರಣ ನನ್ನ ಗಂಡನ ಅಣ್ಣ, ಹುಲೇಕಲ್ಲಿನ ಭಾವ.

ಇಸಳೂರಿನಲ್ಲಿ ಮನೆ ಕಟ್ಟಿಸುವಾಗ ಹೊರಗಿನ ಕೋಣೆಯ ಒಂದು ಗೋಡೆ ನನಗೇ ಬೇಕು ಎಂದು ಹಟ ಹಿಡಿದು ಉಪ್ಪುನೀರಿನ ಅಕ್ವೇರಿಯಂ ಇಡಿಸಿದೆ. ಕುಮಟೆಗೆ ಹೋಗಿ ಕ್ಯಾನುಗಳಲ್ಲಿ ಕಡಲನೀರು ತುಂಬಿಸಿಕೊಂಡು ದೇವಿಮನೆ ಘಾಟಿ ಹತ್ತಿಸಿ ತರುತ್ತಿದ್ದೆವು. ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಜೋಡಿ ಮೀನು, ಎರಡು ಸಿಗಡಿ, ಒಂದಿಷ್ಟು ಬಸವನಹುಳು, ನಡುವಿನ ಕಲ್ಲಿನ ಮೇಲೊಂದು ಅನಿಮೋನ್. ನೋಡಲು ಹೂವು, ನಿಜದಲ್ಲಿ ಪ್ರಾಣಿ. ಆ ಜೋಡಿ ಮೀನಿಗೆ ಅದೇ ಮನೆ. ತಿನ್ನಲು ಚೂರು ಹಾಕಿದರೆ ಮೀನು ಅದನ್ನು ಕಚ್ಚಿಕೊಂಡು ಹೋಗಿ ಮೊದಲು ಅನಿಮೋನಿನ ಮೇಲೆ ಹಾಕುತ್ತಿತ್ತು, ಆಮೇಲೆ ತನ್ನ ಊಟ. ದಿನಾ ಸಂಜೆ ನಾನು ಟಿವಿ ಬಿಟ್ಟು ಅದನ್ನೇ ನೋಡುತ್ತ ಕೂರುತ್ತಿದ್ದೆ.

ಈ ತೊಟ್ಟಿಯ ನೀರು ಕೆಳಗಿನ ಕಪಾಟಿಗೆ ಇಳಿದು, ಸೋಸಿಕೊಂಡು, ಪಂಪಿನಿಂದ ಮತ್ತೆ ಮೇಲೆ ಬರಬೇಕು. ಪೈಪು, ವಾಲ್ವ್ ತರಲು ಶಿರಸಿ ಪೇಟೆಗೆ ಹೋದಾಗ ಅಂಗಡಿಯವರು, "ಹಿತ್ತಾಳೆದು ತಗೊಳ್ರೀ ಅಕ್ಕಾರ, ಭಾಳ ವರ್ಷ ಬರ್ತೈತಿ" ಎಂದು ಒಂದೇ ಸಮನೆ ಗಂಟುಬಿದ್ದರು. ಬೇಡವೆಂದರೆ ಬೇಡ ಎಂದೆ. ಹಿತ್ತಾಳೆಯಲ್ಲಿ ತಾಮ್ರವಿದೆ. ಉಪ್ಪುನೀರಿನಲ್ಲಿ ಅದು ಸ್ವಲ್ಪ ಸ್ವಲ್ಪವೇ ಬಿಟ್ಟುಕೊಳ್ಳುತ್ತದೆ. ಮೀನು ಹೇಗೋ ತಡೆದುಕೊಂಡೀತು, ಸಿಗಡಿ, ಅನಿಮೋನಿಗೆ ಅದು ವಿಷ. ಉಕ್ಕಿನ ಕ್ಲಿಪ್ಪಾದರೆ ತುಕ್ಕು ಹಿಡಿಯುತ್ತದೆ. ಹಾಗಾಗಿ ವಾಲ್ವಿನಿಂದ ಹಿಡಿದು ಪೈಪು ಕಟ್ಟುವ ಪಟ್ಟಿಯವರೆಗೆ ಎಲ್ಲವೂ ಪ್ಲಾಸ್ಟಿಕ್ಕು. ಮನೆ ಒಕ್ಕಲಿಗೆ ಬಂದವರಿಗೆಲ್ಲ ಹೇಳಿದ್ದೆ, ಈ ನೀರಿಗೆ ಲೋಹ ತಾಗಿಸಬೇಡಿ ಎಂದು. ಭಾವನೂ ಅಲ್ಲೇ ನಿಂತು ಕಷಾಯ ಕುಡಿಯುತ್ತ ತಲೆ ಆಡಿಸಿದ್ದರು.

ಹೋದ ಬೇಸಿಗೆಯಲ್ಲಿ ಯಲ್ಲಾಪುರದ ನನ್ನ ತವರಿನ ಕಡೆ ಮದುವೆ. ಬೀಗದ ಕೈ ಭಾವನಿಗೆ ಕೊಟ್ಟು ಹೋಗಿದ್ದೆವು. ವಾಪಸು ಬಂದಾಗ ಎಲ್ಲ ಸರಿಯಾಗಿಯೇ ಇತ್ತು. ಆಮೇಲೆ, ಮಳೆಗಾಲ ಹತ್ತಿರವಾಗುತ್ತ ಬಸವನಹುಳುಗಳು ಕಲ್ಲು ಬಿಟ್ಟು ಉದುರತೊಡಗಿದವು. ಸಿಗಡಿಗಳು ಸತ್ತವು. ಅನಿಮೋನ್ ದಿನದಿಂದ ದಿನಕ್ಕೆ ಮುದುಡಿತು. ನಾನು ನೀರಿನ ಉಪ್ಪನ್ನು ಬೈದೆ, ಕುಮಟೆಯ ಕಡಲನ್ನು ಬೈದೆ, ಬೇರೆ ನೀರು ತರಲು ಗಂಡನನ್ನು ಅಟ್ಟಿದೆ. ಒಂದು ಬೆಳಿಗ್ಗೆ ಅನಿಮೋನ್ ಕಲ್ಲು ಬಿಟ್ಟು ಕೊಳೆತು ತೇಲುತ್ತಿತ್ತು. ಅದನ್ನು ತೆಗೆದು ಹಾಕಿ, ಪಂಪು ನಿಲ್ಲಿಸೋಣವೆಂದು ಕಪಾಟಿನ ಹಿಂದೆ ಕೈ ಹಾಕಿದೆ. ಬೆರಳಿಗೆ ತಣ್ಣಗೆ ಏನೋ ತಾಗಿತು. ಟಾರ್ಚ್ ಹಾಕಿ ನೋಡಿದರೆ ಹಿತ್ತಾಳೆ ವಾಲ್ವ್! ಅಯ್ಯೋ ದೇವರೇ! ಅಳುವೂ ಬಂತು, ಯಾರನ್ನಾದರೂ ಕೊಂದುಬಿಡುವಷ್ಟು ಸಿಟ್ಟೂ ಬಂತು.

ಫೋನು ಮಾಡಿ ಭಾವನನ್ನು ಕರೆಸಿದೆ. ನಮ್ಮಲ್ಲಿ ಭಾವನ ಎದುರು ದನಿ ಏರಿಸುವುದಿಲ್ಲ. ಅವರೂ ಕೇಳದೆಯೇ ಯಾರ ಮನೆಯ ಕೆಲಸಕ್ಕಾದರೂ ಕೈ ಹಾಕುವವರು. ಒಳ್ಳೆಯವರು ಎಂದು ಊರೆಲ್ಲ ಹೇಳುವುದು ಅದಕ್ಕೇ. ಆ ದಿನ ನಾನು ದನಿ ಏರಿಸಿದೆ.

"ಎಂತ ಮಾರಾಯ್ತಿ, ಹನಿ ಹನಿ ಸೋರ್ತಾ ಇತ್ತು. ಪ್ಲಾಸ್ಟಿಕ್ ಎಷ್ಟು ದಿನ ಬತ್ತು? ಗಟ್ಟಿದೇ ಇರ್ಲಿ ಹೇಳಿ ಆನು ಹಾಕಿದ್ದಿ," ಎಂದರು.

"ಲೋಹ ಬೇಡ ಹೇಳಿ ಬಡ್ಕೊಂಡಿದ್ನಲ್ಲ ಭಾವ!"

"ಹಿತ್ತಾಳೆ ಶುದ್ಧ. ಆನು ದಿನಾ ತಾಮ್ರದ ಚೊಂಬಿನ ನೀರೇ ಕುಡಿತಿ. ಎಂತ ಆಯ್ದು ನಂಗೆ? ಬೇರೆ ಎಂತೋ ರೋಗ ಬಂದಿಕ್ಕು ಅದಕ್ಕೆ."

ಒಂದು ರಬ್ಬರ್ ರಿಂಗ್ ಬದಲಿಸಿದ್ದರೆ ಸೋರುವುದು ನಿಲ್ಲುತ್ತಿತ್ತು. ಒಂದು ಫೋನು ಮಾಡಿದ್ದರೆ ನಾನೇ ಹೇಳುತ್ತಿದ್ದೆ. ಅದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರ ಮೊಬೈಲು ಹೊಡೆದುಕೊಂಡಿತು. ಅವರ ತೋಟದಲ್ಲಿ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯುತ್ತಿದ್ದವರದು.

"ಏ, ಡ್ರಮ್ಮು ಹಳ್ಳದಲ್ಲಿ ತೊಳಿಬೇಡಿ ಮಾರಾಯ್ರಾ!" ಭಾವ ಗದರಿದರು. "ಮೈಲುತುತ್ತದ ನೀರು ಅದು. ಏಡಿ, ಸಿಗಡಿ ಒಂದೂ ಉಳಿಯೂದಿಲ್ಲ."

ಫೋನು ಇಟ್ಟರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ.

"ಮೈಲುತುತ್ತದಲ್ಲಿ ಇಪ್ಪದು ಎಂತ ಭಾವ?"

"ತಾಮ್ರ," ಎಂದರು. ಎಂದವರ ಕಣ್ಣು ಕಪಾಟಿನ ಕಡೆ ಹೋಯಿತು. ವರ್ಷವರ್ಷವೂ ಸ್ವಂತ ಕೈಯಿಂದ ಮೈಲುತುತ್ತ, ಸುಣ್ಣ ಕಲಸುವ ಮನುಷ್ಯ. ಹಳ್ಳದ ಏಡಿಗೆ ಇದ್ದ ಕಾಳಜಿ ನನ್ನ ತೊಟ್ಟಿಗೆ ಇರಲಿಲ್ಲ. ಬಾಯಿಗೆ ಬಂದದ್ದನ್ನೆಲ್ಲ ಅಂದುಬಿಡಬೇಕು ಎಂದುಕೊಂಡೆ.

ಅಷ್ಟರಲ್ಲಿ ಭಾವ ಕಪಾಟಿನ ಮುಂದೆ ಕೂತು ತಾವೇ ಆ ವಾಲ್ವ್ ಬಿಚ್ಚಿದರು. ಮೀನುಗಳಿಗೆ ಊಟದ ಹೊತ್ತಾಗಿತ್ತು. ನಾನು ಚೂರು ಹಾಕಿದೆ. ದೊಡ್ಡ ಮೀನು ಅದನ್ನು ಕಚ್ಚಿಕೊಂಡು ನೇರ ನಡುವಿನ ಬೋಳು ಕಲ್ಲಿಗೆ ಹೋಗಿ, ಅಲ್ಲಿ ಬಿಟ್ಟು, ಪಕ್ಕಕ್ಕೆ ಸರಿದು ಕಾಯುತ್ತ ನಿಂತಿತು. ಚೂರು ಉರುಳಿ ಕೆಳಗೆ ಬಿತ್ತು. ಅದು ಮತ್ತೆ ಹೆಕ್ಕಿ ಅಲ್ಲಿಗೇ ಒಯ್ದಿತು.

"ಯಾರಿಗೆ ಒಯ್ತಾ ಇದ್ದು ಅದು?" ಭಾವ ಮೆಲ್ಲಗೆ ಕೇಳಿದರು.

ವಾಲ್ವ್ ಇನ್ನೂ ಅವರ ಕೈಯಲ್ಲಿತ್ತು.

"ಹೇಳಿ ಭಾವ," ಎಂದೆ. "ಯಾರಿಗೆ?"