ಮೊಳೆಗೆ ತೂಗುವ ಕಿವಿ

ಪೂರ್ವದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕಣಗಲಾ ಊರಿನ ದಾರಿಯ ಕುರುಬರ ಹಟ್ಟಿಯಲ್ಲಿ ನಾಯಿಗಳು ಒಮ್ಮೆ ಬೊಗಳಿ, ಬಂದವಳ ಗುರುತು ಹತ್ತಿ, ಮತ್ತೆ ಮಲಗುತ್ತವೆ. ಬಂದವಳು ಸಂಕೇಶ್ವರದ ಕಾಶೆವ್ವ. ತಲೆಯ ಮೇಲೆ ಕಂಬಳಿಯ ಕೊಪ್ಪೆ, ಸೊಂಟಕ್ಕೆ ಸುತ್ತಿದ ಪುಂಡಿನಾರಿನ ಹಗ್ಗ. ಯಮನವ್ವನ ಕುರಿದಡ್ಡಿಯ ಮುಂದೆ ನಿಂತು ಆಕೆ ಕೂಗುತ್ತಾಳೆ: “ಯಮನಕ್ಕಾ, ನಾ ಬಂದೇನಿ.” ಯಮನವ್ವ ಆಡಿನ ಹಾಲು ಹಿಂಡುತ್ತ ಕೂತಿದ್ದಾಳೆ. ತಲೆ ಎತ್ತುವುದಿಲ್ಲ. ಕಾಶೆವ್ವನೂ ಎರಡನೆಯ ಸಲ ಕೂಗುವುದಿಲ್ಲ; ಬೇಲಿಯ ಬಾಜೂಕ್ಕೆ ಕುಕ್ಕರಗಾಲಲ್ಲಿ ಕೂತುಬಿಡುತ್ತಾಳೆ. ಹೋದ ಸುಗ್ಗಿಯಿಂದ ಈ ಹಟ್ಟಿಯಲ್ಲಿ ಯಾರೂ ಆಕೆಗೆ ಒಂದು ಮರಿಯನ್ನೂ ಕೊಟ್ಟಿಲ್ಲ. ಯಮನವ್ವ ಹೂಂ ಅಂದರೆ ಹಟ್ಟಿಯೆಲ್ಲ ಹೂಂ ಅನ್ನುತ್ತದೆ, ಕಾಶೆವ್ವನ ಅಂಗಡಿ ಉಳಿಯುತ್ತದೆ. ಆಕೆ ಊಹೂಂ ಅಂದರೆ ಮುಗಿಯಿತು.

ಸಂಕೇಶ್ವರದ ಹೊಳೆಯ ದಂಡೆಯಲ್ಲಿ, ತೊಗಲು ಒಣಹಾಕುವ ಬಯಲಿನ ಬದಿಗೆ, ಕಾಶೆವ್ವನ ಮಾಂಸದಂಗಡಿ. ಅಂಗಡಿ ಅನ್ನುವುದು ನಮ್ಮ ಮರ್ಯಾದೆಯ ಮಾತು. ನಾಲ್ಕು ಗೂಟ, ಮೇಲೆ ಕಬ್ಬಿನ ಸೋಗೆ, ಮಾಂಸ ಕಡಿಯಲು ಒಂದು ಜಾಲಿಯ ಕೊರಡು, ಒಂದು ತಕ್ಕಡಿ, ಅಷ್ಟೇ. ಗಂಡ ತೀರಿಕೊಂಡ ಮೇಲೆ ಮೈದುನಂದಿರು, “ಹೆಣ್ಮಗಳು ಕುರಿ ಬ್ಯಾಪಾರ ಮಾಡತಾಳಂತ!” ಎಂದು ನಕ್ಕರು. ಈಕೆ ಹಗ್ಗ ಸೊಂಟಕ್ಕೆ ಸುತ್ತಿಕೊಂಡು ಹಟ್ಟಿಯ ದಾರಿ ಹಿಡಿದೇಬಿಟ್ಟಳು. ಮುಲ್ಲಾ ಬಂದು ಕೊಯ್ದು ಹೋಗುತ್ತಾನೆ. ಸುಲಿಯುವುದರಿಂದ ಹಿಡಿದು ತೂಗುವವರೆಗೆ ಎಲ್ಲ ಈಕೆಯ ಕೈಕೆಲಸ. ಲಿಂಗಾಯತರ ಓಣಿಯವರ ಮನಸ್ಸಿಗೆ ಕಿರಿಕಿರಿ ಆಗಬಾರದೆಂದು ಕುರಿಯನ್ನು ಊರ ಹೊರಗಿಂದ ಬಳಸಿಯೇ ಹೊಡೆದುಕೊಂಡು ಬರುತ್ತಾಳೆ. ಕಾಲಿಗೆ ಮುಳ್ಳು ಜಾಸ್ತಿ, ಮಾತಿಗೆ ಮುಳ್ಳಿಲ್ಲ.

ಪೇಟೆಗೆ ದಲಾಲರ ಕುರಿಹಿಂಡು ಬರುತ್ತದೆ. ಕೂತಲ್ಲೇ ಕೊಳ್ಳಬಹುದು. ಹಾಗೆ ಯಾರಾದರೂ ಅಂದರೆ ಕಾಶೆವ್ವನಿಗೆ ಮೂಗಿನ ತುದಿಗೆ ಸಿಟ್ಟು. “ದಲಾಲರ ಕುರಿ ನಡದು ನಡದು ಸೊರಗಿ ಬಂದಿರತಾವ್ರಿ. ಏನ್ ಮೇದೈತಿ, ಏನ್ ಬ್ಯಾನಿ ಐತಿ, ಯಾಕ ಮಾರ್ಯಾರ, ಯಾರನ್ನ ಕೇಳೂದು? ಮನಿ ಕುರಿ ಅಂದ್ರ ಅದರ ಅವ್ವನ್ನೂ ನಾ ನೋಡಿರತೇನಿ.” ಒಂದು ಮನೆಯಿಂದ ಒಂದು ಸಲಕ್ಕೆ ಒಂದೇ ಟಗರು. ಗಬ್ಬದ ಕುರಿ ಎಷ್ಟು ಅಗ್ಗಕ್ಕೆ ಸಿಕ್ಕರೂ ಮುಟ್ಟುವುದಿಲ್ಲ. ಕುರಿಯ ಜೊತೆ ಮನೆಯ ಹಗ್ಗ ಹೋದರೆ ಲಕ್ಷ್ಮಿಯೂ ಹಿಂದೆಯೇ ಹೋಗುತ್ತಾಳೆಂದು ಹಟ್ಟಿಯವರ ನಂಬಿಕೆ. ಅದಕ್ಕೇ ಆಕೆ ತನ್ನ ಹಗ್ಗ ತಾನೇ ಒಯ್ಯುತ್ತಾಳೆ.

ಹಟ್ಟಿಯಲ್ಲಿ ಇನ್ನೊಂದು ಕಟ್ಟಳೆ ಇದೆ. ತಮ್ಮ ದಡ್ಡಿಯಲ್ಲಿ ಬೆಳೆದ ಕುರಿಯನ್ನು ಮಾರಿದ ಮನೆಯವರು ಅದರ ಮಾಂಸ ತಿನ್ನುವುದಿಲ್ಲ. ಕೈಯಾರೆ ಸಾಕಿದ್ದು ಗಂಟಲಲ್ಲಿ ಇಳಿಯುವುದಿಲ್ಲ ಅನ್ನುತ್ತಾರೆ. ಮನೆಗೆ ಬೀಗರು ಬಂದರೆ ಕಾಶೆವ್ವನ ಅಂಗಡಿಗೆ ಬಂದು, “ನಮ್ಮದ ಬಿಟ್ಟು ಬ್ಯಾರೇ ಯಾರದ್ದರ ಕೊಡವಾ,” ಎಂದು ಕೇಳಿ ಒಯ್ಯುತ್ತಾರೆ. ಯಾವ ತೊಡೆ ಯಾರ ಮನೆಯದು ಅನ್ನುವುದು ಆಕೆಗೆ ಬಾಯಿಪಾಠ. ಆ ನೆನಪಿನ ಮೇಲೆ ಆಕೆಗೆ ಸ್ವಲ್ಪ ಜಂಬವೂ ಇತ್ತು, ಇಲ್ಲವೆನ್ನಲಾಗದು.

ಆ ಜಂಬವೇ ಮುಳುವಾಯಿತು. ಹೋದ ಸುಗ್ಗಿಯ ಸಂತೆಯ ದಿನ ಅಂಗಡಿಯ ಗೂಟಕ್ಕೆ ಸುಲಿದ ಎರಡು ಟಗರು ತೂಗುತ್ತಿದ್ದವು. ಒಂದು ಅದೇ ಹಟ್ಟಿಯ ದುಂಡಪ್ಪನ ಮನೆಯದು. ಇನ್ನೊಂದು ಯಮನವ್ವನದು, ತಾಯಿ ಸತ್ತ ಮರಿಯನ್ನು ಕಂಬಳಿಯೊಳಗೆ ಮಲಗಿಸಿಕೊಂಡು ಆಡಿನ ಹಾಲು ಕುಡಿಸಿ ದೊಡ್ಡದು ಮಾಡಿದ್ದು. ಯಮನವ್ವನ ಗಂಡ ಸೋಮಪ್ಪ ಬೀಗರಿಗೆಂದು ಮಾಂಸ ಕೇಳಿದ. ಗಿರಾಕಿಗಳ ಗದ್ದಲ. ಕಾಶೆವ್ವ ತಿರುಗಿಯೂ ನೋಡದೆ, “ದುಂಡಪ್ಪನ ಮನಿದು ಐತಿ, ಒಯ್ಯಿ ಕಾಕಾ,” ಎಂದು ಕಡಿದು ಕೊಟ್ಟಳು. ಸಂಜೆ, ಸೋಮಪ್ಪನಿಗೆ ಕಡಿಯದೆ ಬಿಟ್ಟಿದ್ದ ಇನ್ನೊಂದು ಟಗರಿನ ಉಳಿದ ಭಾಗ ಇಳಿಸುವಾಗ ಅದರ ಮುಂಗಾಲಿನ ಎಲುಬಿನಲ್ಲಿ ಗಂಟು ಕೈಗೆ ಹತ್ತಿತು. ದುಂಡಪ್ಪನ ಟಗರು ಮರಿ ಇದ್ದಾಗ ಮುರಿದುಕೊಂಡ ಕಾಲು ಕೂಡಿದ ಗಂಟು ಅದು. ಹಾಗಾದರೆ ದುಂಡಪ್ಪನದು ಇನ್ನೂ ಇಲ್ಲೇ ಇದೆ. ಸೋಮಪ್ಪ ಒಯ್ದದ್ದು ಅವನ ಮನೆಯದೇ!

ಬಾಯಿ ಮುಚ್ಚಿಕೊಂಡು ಇದ್ದಿದ್ದರೆ ನರಪಿಳ್ಳೆಗೂ ಗೊತ್ತಾಗುತ್ತಿರಲಿಲ್ಲ. ಆದರೆ ಮರುದಿನ ನಸುಕಿನಲ್ಲೇ ಕಾಶೆವ್ವ ಹಟ್ಟಿಗೆ ಹೋಗಿ ಯಮನವ್ವನ ಮುಂದೆ ಎಲ್ಲ ಹೇಳಿಬಿಟ್ಟಳು. ಯಮನವ್ವ ಒಳಗೆ ಹೋಗಿ ಸಾರಿನ ಗಡಿಗೆ ತಂದು ಅಂಗಳದ ಕಲ್ಲಿಗೆ ಅಪ್ಪಳಿಸಿದಳು. ಅಂದಿನಿಂದ ಆಕೆ ಮಾಂಸ ಮುಟ್ಟಿಲ್ಲ. ಹಟ್ಟಿಯವರು ಕಾಶೆವ್ವನಿಗೆ ಕುರಿ ಕೊಡುವುದನ್ನು ಬಿಟ್ಟರು.

“ಯಾಕ ಹೇಳಾಕ ಹೋದಿ ಅಂತ ಎಲ್ಲಾರೂ ಬೈದರ್ರಿ,” ಎನ್ನುತ್ತಾಳೆ ಕಾಶೆವ್ವ. “ಹೇಳಲಿಲ್ಲಂದ್ರ ನಾಳಿ ಮತ್ತ ಆಕಿ ದಡ್ಡಿ ಮುಂದ ಹೆಂಗ ನಿಂದರಲಿ? ಯಾವ ಬಾಯಿಲೆ ಯಕ್ಕಾ ಅನ್ನಲಿ?”

ಆಮೇಲೆ ಆಕೆಯ ಪಾಡು ಕೇಳಬೇಡಿ. ಯುದ್ಧದ ಕಾಲ. ಬೆಳಗಾವಿಯ ದಂಡಿಗೆ ಮಾಂಸ ಒದಗಿಸುವ ಗುತ್ತಿಗೆದಾರರ ಲಾರಿ ಪುಣೆ ರಸ್ತೆಗೆ ಬಂದು ನಿಂತು, ಇಡೀ ಹಿಂಡುಗಳನ್ನೇ ತುಂಬಿಕೊಂಡು ಹೋಗುತ್ತದೆ. ಕಾಶೆವ್ವ ಒಂದೊಂದು ಟಗರಿಗಾಗಿ ಹುಕ್ಕೇರಿಯ ಆಚೆಯ ಹಳ್ಳಿಗಳವರೆಗೆ ನಡೆದಳು. ಅಂಗಾಲು ಸೀಳಿದಾಗ ಎಣ್ಣೆ ಬತ್ತಿ ಸುಟ್ಟು ಬಿರುಕಿಗೆ ಹಚ್ಚಿಕೊಂಡಳು. ಕೊರಡು ಒಣಗಿದ ಸಂತೆಗಳೂ ಇದ್ದವು. ದಲಾಲರ ಹಿಂಡು ಕಣ್ಣೆದುರೇ ಹಾದುಹೋದರೂ ಕೈಚಾಚಲಿಲ್ಲ. ಹಟಮಾರಿ ಹೆಂಗಸು, ಮಾರಾಯರೇ!

ಅದೇ ದಿನಗಳಲ್ಲಿ ಆಕೆಯ ಅಂಗಡಿಯಲ್ಲಿ ಹೊಸ ಪದ್ಧತಿಯೊಂದು ಶುರುವಾಯಿತು. ಕುರುಬರಲ್ಲಿ ಮೊದಲಿನಿಂದಲೂ ಒಂದೊಂದು ಮನೆಯ ಕುರಿಗೆ ಗುರುತಿಗೆಂದು ಒಂದೊಂದು ಬಗೆಯ ಕಿವಿ ಕಚ್ಚು. ಯಮನವ್ವನ ಮನೆಯದು ಎಡಗಿವಿಯ ತುದಿ ಚಪ್ಪಟೆ. ದುಂಡಪ್ಪನದು ಬಲಗಿವಿಗೆ ಜೋಡಿ ಸೀಳು. ಕಾಶೆವ್ವ ಈಗ ಕುರಿ ತೂಗಹಾಕಿದ ಕೂಡಲೇ ಅದರ ಕಿವಿಯನ್ನು ಅದೇ ಗೂಟದ ಮೊಳೆಗೆ ಸಿಕ್ಕಿಸುತ್ತಾಳೆ. ಕಡೆಯ ತುಂಡು ಹೋಗುವತನಕ ಇಳಿಸುವುದಿಲ್ಲ. “ಈಗ ನನ್ನ ನೆನಪಿನ ಮ್ಯಾಲ ಯಾರೂ ನಂಬಿಕಿ ಇಡೂದು ಬ್ಯಾಡ್ರಿ. ಕಣ್ಣೀಲೆ ನೋಡಿ ಒಯ್ಯಲಿ,” ಎನ್ನುತ್ತಾಳೆ. ಸಂತೆಗೆ ಬರುವ ಕುರುಬರು ನಿಂತು ನೋಡಿ ಹೋಗುತ್ತಾರೆ. ಸುದ್ದಿ ಹಟ್ಟಿಗೂ ಮುಟ್ಟಿದೆ.

ಇವತ್ತು ಹಾಲು ಹಿಂಡಿ ಮುಗಿದ ಮೇಲೆ ಯಮನವ್ವ ತಂಬಿಗೆ ಕೆಳಗಿಡುತ್ತಾಳೆ.

“ಕಿವಿ ತೂಗಹಾಕತೀಯಂತಲ್ಲ?”

“ಹೂಂ ಯಕ್ಕಾ.”

“ನಮ್ಮ ಕಿವಿನೂ ಹಾಕತೀಯೇನ?”

“ಎಲ್ಲಾರದ್ದೂ ಹಾಕತೇನಿ. ನಿಮ್ಮದ ಮೊದಲ ಹಾಕತೇನಿ.”

ಯಮನವ್ವ ದಡ್ಡಿಯೊಳಗೆ ಹೋಗಿ ಒಂದು ಕರಿಯ ಟಗರನ್ನು ಹೊರಗೆ ತರುತ್ತಾಳೆ. ಅದರ ಕೊರಳಿನ ಹಗ್ಗ ಬಿಚ್ಚಿ ತನ್ನ ಹೆಗಲಿಗೆ ಹಾಕಿಕೊಳ್ಳುತ್ತಾಳೆ. ಕಾಶೆವ್ವ ಸೊಂಟದ ಹಗ್ಗ ಬಿಚ್ಚಲು ಹೋದರೆ ಗಂಟು ಸಡಿಲವಾಗುವುದೇ ಇಲ್ಲ. ಕೊನೆಗೆ ಯಮನವ್ವನೇ ಬಾಗಿ ಬಿಚ್ಚಿ ಕೊಡುತ್ತಾಳೆ. ಆಚೆ ಅಂಗಳದಲ್ಲಿ ಇದನ್ನೆಲ್ಲ ನೋಡುತ್ತಿದ್ದ ದುಂಡಪ್ಪ, “ನಮ್ಮಲ್ಲೂ ಒಂದ ಐತಿ, ನೋಡಬಾ ತಂಗಿ,” ಎಂದು ಕೂಗುತ್ತಾನೆ.

ಸಂತೆಯ ದಿನ ಎರಡು ಗೂಟಕ್ಕೆ ಎರಡು ಟಗರು, ಎರಡು ಮೊಳೆಗೆ ಎರಡು ಕಿವಿ. ಹೊತ್ತು ಏರಿದ ಮೇಲೆ ಗಿರಾಕಿಗಳ ನಡುವೆ ಯಮನವ್ವ ಕಾಣಿಸುತ್ತಾಳೆ. ಗಂಡನನ್ನು ಕಳಿಸದೆ ತಾನೇ ಬಂದಿದ್ದಾಳೆ, ಕೈಯಲ್ಲಿ ಹೊಸ ಗಡಿಗೆ. ಚಪ್ಪಟೆ ತುದಿಯ ಕಿವಿಯ ಮುಂದೆ ಒಂದು ಗಳಿಗೆ ನಿಲ್ಲುತ್ತಾಳೆ, ಸೆರಗಿನಿಂದ ಅದರ ಮೇಲಿನ ನೊಣ ಓಡಿಸುತ್ತಾಳೆ. ಆಮೇಲೆ ಜೋಡಿ ಸೀಳಿನ ಕಿವಿಯ ಕಡೆಗೆ ಬೆರಳು ಮಾಡುತ್ತಾಳೆ.

“ಇದರಾಗ ಅಚ್ಚೇರ ಕೊಡ. ಎಲುಬ ಭಾಳ ಹಾಕಬ್ಯಾಡ.”

ಕಾಶೆವ್ವ ತೂಗಿ, ತೂಕದ ಮೇಲೆ ಇನ್ನೊಂದು ಮೆತ್ತನೆಯ ತುಂಡು ಇಟ್ಟು, ಗಡಿಗೆಗೆ ಹಾಕುತ್ತಾಳೆ. ಯಮನವ್ವ ಜನದಲ್ಲಿ ಮರೆಯಾಗುವತನಕ ಈಕೆ ನೋಡುತ್ತ ನಿಲ್ಲುತ್ತಾಳೆ. ಇಷ್ಟು ವರ್ಷದ ದುಡಿಮೆಗೆ ಇನ್ನೇನು ಆಸೆ ಉಳಿದಿದೆ ಎಂದು ಕೇಳಿದರೆ ಸೆರಗಿನಿಂದ ಕಣ್ಣೊರೆಸಿಕೊಂಡು ನಗುತ್ತಾಳೆ.

“ಇನ್ನೇನ್ ಆಸೆರಿ? ಯಮನಕ್ಕನ ಒಲಿ ಮ್ಯಾಲ ಇವತ್ತ ಸಾರ ಕುದಿತೈತಿ.”