ಬಿದಿರು ಮೇಷ್ಟ್ರ ನಾಲ್ಕನೆಯ ಕಲಂ

ನಮ್ಮ ಬೀದಿಯವರು ಅವರನ್ನು ಬಿದಿರು ಮೇಷ್ಟ್ರು ಎನ್ನುತ್ತಾರೆ. ಆದರೆ ಅವರು ಪಾಠ ಹೇಳಿದ್ದನ್ನು ಕಂಡವರಿಲ್ಲ, ಹೇಳಿಸಿಕೊಂಡದ್ದನ್ನೇ ಎಲ್ಲರೂ ಕಂಡಿದ್ದಾರೆ. ಯಾರ ಮನೆಗೆ ಹೋದರೂ ಮನುಷ್ಯರಿಗಿಂತ ಮೊದಲು ಏಣಿಯ ಯೋಗಕ್ಷೇಮ ವಿಚಾರಿಸುತ್ತಾರೆ. ಬಿದಿರಿನ ಕುರ್ಚಿ ಕೊಟ್ಟರೆ ಕೂರುವುದಿಲ್ಲ, ತಲೆಕೆಳಗು ಮಾಡಿ ಗೆಣ್ಣು ಸವರುತ್ತಾರೆ. ಗೋಡೆಗೆ ಕಟ್ಟಿದ ಬಿದಿರಿನ ಸಾರುವೆಯಿಂದ ಬಿದ್ದ ಗಾರೆಯವನನ್ನು ಆಸ್ಪತ್ರೆಯಲ್ಲಿ ನೋಡಲು ಹೋಗಿ, "ಮುರಿದಿದ್ದು ಟೊಳ್ಳು ಬಿದಿರೋ, ಗಟ್ಟಿ ಬಿದಿರೋ?" ಎಂದರಂತೆ. "ಅಯ್ಯೋ, ಮುರಿದಿರೋದು ಕಾಲು ಮೇಷ್ಟ್ರೇ!" ಎಂದು ಅವನ ಹೆಂಡತಿ ರೇಗಿದರೂ, ಉತ್ತರ ಬರೆದುಕೊಂಡೇ ಎದ್ದರಂತೆ. ಬಿದಿರಿನ ಬಗ್ಗೆ ಪುಸ್ತಕ ಬರೆಯಲೆಂದು ಅವರು ಇಟ್ಟುಕೊಂಡಿರುವ ರಿಜಿಸ್ಟರಿನಲ್ಲಿ ಅಚ್ಚಾಗಿರುವುದು ಮೂರೇ ಕಲಂ: ಬಿದಿರಿನ ಜಾತಿ, ಬೆಳೆಯುವ ಜಾಗ, ಉಪಯೋಗ. ಅಂಚಿಗೆ ಕಾಗದದ ಪಟ್ಟಿ ಅಂಟಿಸಿ ನಾಲ್ಕನೆಯದನ್ನು ತಾವೇ ಸೇರಿಸಿದ್ದಾರೆ: ಹೇಳಿಕೊಟ್ಟವರು. ಬುಟ್ಟಿ ಹೆಣೆಯುವ ನನ್ನ ಅಮ್ಮ ಒಂದು ದಿನ ಅವರು ತಂದ ಎರಡು ತುಂಡು ಸೀಳಿ ನೋಡಿ, "ಇವೆರಡೂ ಒಂದೇ ಜಾತಿ ಅಂತ ಯಾರು ಹೇಳಿದ್ರು ಮೇಷ್ಟ್ರೇ? ಇದು ಬಾಗುತ್ತೆ, ಅದು ಸಿಬಿರೇಳುತ್ತೆ" ಎಂದಳು. ಮೇಷ್ಟ್ರು ಮೂರು ವರ್ಷದ ಪುಟಗಳಿಗೆ ಅಡ್ಡಗೆರೆ ಎಳೆದು, ಮೊದಲಿಂದ ಬರೆಯಲು ಕೂತರು. ಕೊನೆಗೂ ನಾಲ್ಕೂ ಕಲಂ ಸಮೇತ ಪುಸ್ತಕ ಅಚ್ಚಾದಾಗ ಮೊದಲ ಪ್ರತಿಯನ್ನು ಅಮ್ಮನಿಗೇ ತಂದುಕೊಟ್ಟರು. ಅವಳಿಗೆ ಓದಲು ಬಾರದೆಂದು ತಿಳಿದಿದ್ದ ಅವರು, ಅವಳ ಹೆಸರಿದ್ದ ಪುಟದಲ್ಲಿ ಆ ಬಾಗುವ ಬಿದಿರಿನದೇ ತೆಳು ಸೀಳೊಂದನ್ನು ಗುರುತಿಗೆ ಇಟ್ಟಿದ್ದರು. ಈಗಲೂ ಯಾರೇ ಮನೆಗೆ ಬರಲಿ, ಅಮ್ಮ ಆ ಸೀಳು ಹಿಡಿದು ಪುಟ ಬಿಡಿಸಿ ಅವರ ಕೈಗಿಡುತ್ತಾಳೆ: "ಕೊನೇ ಕಲಂ ಓದಿ ಸಾಕು. ಮಿಕ್ಕಿದ್ದೆಲ್ಲ ನಂಗೆ ಗೊತ್ತು."